ಕೂತ ಹೊತ್ತಿನ ಲೆಕ್ಕ

ಭಾಂಡುಪಿನ ಗುಡ್ಡದ ಮೇಲಿನ ಚಾಳುಗಳಿಗೆ ಕನ್ನಡ ಬಲ್ಲವರನ್ನೇ ಕಳಿಸಬೇಕು ಎಂದು ಅಂಧೇರಿಯ ಆಫೀಸಿನಲ್ಲಿ ತೀರ್ಮಾನವಾದಾಗ ಜ್ಯೋತ್ಸ್ನಾಳ ಹೆಸರು ಬಿಟ್ಟರೆ ಬೇರೆ ಹೆಸರೇ ಇರಲಿಲ್ಲ. ಅವಳು ಕಾಪುವಿನ ಕಡೆಯವಳು. ಮದುವೆಯಾಗಿ ಬೈಕುಲ್ಲಾಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ಗಂಡ ಅಲ್ಲಿಯೇ ಒಂದು ಹೋಟೆಲಿನಲ್ಲಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂರುತ್ತಿದ್ದ. ಜ್ಯೋತ್ಸ್ನಾ ಮೊದಲು ಒಂದು ಕನ್ನಡ ಶಾಲೆಯಲ್ಲಿ ಟೀಚರಾಗಿದ್ದಳು. ಮಕ್ಕಳು ಕಡಿಮೆಯಾಗುತ್ತ ಬಂದು, ತರಗತಿಗಳು ಒಂದೊಂದಾಗಿ ಮುಚ್ಚಿ, ಕೊನೆಗೆ ಕಲಿಸಲು ಯಾರೂ ಉಳಿಯದೇ ಹೋದಾಗ ಈ ಸರ್ವೆ ಕಂಪನಿಗೆ ಸೇರಿಕೊಂಡಳು. ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವುದು, ಉತ್ತರವನ್ನು ಟ್ಯಾಬಿನಲ್ಲಿ ತುಂಬುವುದು ಅವಳ ಕೆಲಸ. ಮಕ್ಕಳಿಗೆ ಪಾಠ ಹೇಳಿದವಳಾದ್ದರಿಂದ ಅವಳ ಮಾತಿನಲ್ಲಿ ಒಂದು ತಾಳ್ಮೆಯಿತ್ತು. ಬಾಗಿಲು ಹಾಕಿಕೊಳ್ಳುವ ಮನೆಗಳೂ ಅವಳಿಗೆ ತೆರೆಯುತ್ತಿದ್ದವು.

ಆ ಸಲದ ಸರ್ವೆ ಜನರ ದೈಹಿಕ ಚಟುವಟಿಕೆಯ ಕುರಿತಾಗಿತ್ತು. ದಿನಕ್ಕೆ ಎಷ್ಟು ನಡೆಯುತ್ತೀರಿ, ಎಷ್ಟು ಭಾರ ಎತ್ತುತ್ತೀರಿ ಎಂಬ ಪ್ರಶ್ನೆಗಳಿಗೆ ಜನ ಸಂತೋಷದಿಂದ ಉತ್ತರ ಕೊಡುತ್ತಿದ್ದರು. ತಾವು ಪಡುವ ಕಷ್ಟವನ್ನು ಯಾರೋ ಕೇಳಿ ಬರೆದುಕೊಳ್ಳುತ್ತಿದ್ದಾರೆ ಎಂದು ಅವರಿಗೆ ಸಮಾಧಾನ. ತೊಡಕಾಗುತ್ತಿದ್ದದ್ದು ಕೊನೆಯ ಪ್ರಶ್ನೆ. ‘ಸಾಮಾನ್ಯವಾಗಿ ಒಂದು ದಿನದಲ್ಲಿ ನೀವು ಕುಳಿತುಕೊಂಡು ಅಥವಾ ಒರಗಿಕೊಂಡು ಎಷ್ಟು ಸಮಯ ಕಳೆಯುತ್ತೀರಿ? ನಿದ್ರೆಯನ್ನು ಸೇರಿಸಬೇಡಿ.’ ಗಂಡಸರು ಇದನ್ನು ಕೇಳಿ ನಗುತ್ತಿದ್ದರು. ಹೆಂಗಸರಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವರ ಪಾಲಿಗೆ ಕೂರುವುದೆಂದರೆ ಕೂತು ತಿನ್ನುವುದು. ಬೆಳಗಿನಿಂದ ಬೆಳ್ಳುಳ್ಳಿ ಸುಲಿಯುತ್ತಲೇ ಕೂತಿದ್ದವಳು, ಬೆರಳಿನ ಸಿಪ್ಪೆಯನ್ನೂ ಕೊಡವದೆ, ತಾನು ದಿನವಿಡೀ ಕೂರುವುದೇ ಇಲ್ಲ ಎಂದು ಹೇಳುತ್ತಿದ್ದಳು.

ಇದನ್ನು ಜ್ಯೋತ್ಸ್ನಾ ತನ್ನ ಸೂಪರ್‌ವೈಸರ್ ಸುಹಾಸನಿಗೆ ಹೇಳಿದ್ದಳು. ಸುಹಾಸ ಮಂಗಳೂರಿನ ಕಡೆಯ ಮನೆತನದವನಾದರೂ ಹುಟ್ಟಿ ಬೆಳೆದದ್ದು ಅಂಧೇರಿಯಲ್ಲಿ. ಅವಳಿಗಿಂತ ಬಹಳ ಚಿಕ್ಕವನು, ಅಕ್ಕ ಎಂದೇ ಕರೆಯುತ್ತಿದ್ದ. ಸೊನ್ನೆ ಎಂದು ತುಂಬಿದರೆ ಟ್ಯಾಬ್ ತೆಗೆದುಕೊಳ್ಳುವುದಿಲ್ಲ, ಬಿಡಿಸಿ ಕೇಳಬೇಕು, ಊಟಕ್ಕೆ ಕೂತದ್ದು, ಟಿವಿ ಮುಂದೆ ಕೂತದ್ದು, ಕೆಲಸಕ್ಕೆ ಕೂತದ್ದು ಎಲ್ಲ ಕೂಡಿಸಿ ಒಟ್ಟು ಎಷ್ಟಾಯಿತೆಂದು ಅವರಿಗೇ ಓದಿ ಹೇಳಿ ಒಪ್ಪಿಸಿಕೊಳ್ಳಬೇಕು ಎಂದು ಅವನು ತರಬೇತಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ. ತೀರಾ ಆಗದಿದ್ದರೆ ‘ಗೊತ್ತಿಲ್ಲ’ ಎನ್ನುವ ಕೋಡ್ ಇದೆ, ಆದರೆ ಅದನ್ನು ಹೆಚ್ಚು ಹಾಕಿದರೆ ಮೇಲಿನವರು ಕೇಳುತ್ತಾರೆ ಎಂದೂ ಸೇರಿಸಿದ. ಜ್ಯೋತ್ಸ್ನಾ ಆ ಕೋಡನ್ನು ಹಾಕುವವಳಲ್ಲ. ಉತ್ತರ ಗೊತ್ತಿಲ್ಲ ಎಂದು ಖಾಲಿ ಬಿಟ್ಟ ಮಕ್ಕಳ ನೋಟುಬುಕ್ಕುಗಳನ್ನು ತಿದ್ದಿ ಬೇಸತ್ತಿದ್ದ ಟೀಚರು ಅವಳು.

ಗಣಪತಿ ಹಬ್ಬ ಕಳೆದು ಬಿಸಿಲು ಮತ್ತೆ ಏರುತ್ತಿದ್ದ ದಿನಗಳಲ್ಲಿ ಅವಳು ಮಹಾದೇವಿಯ ಮನೆಗೆ ಹೋದಳು.

ಒಂದೇ ಕೋಣೆಯ ಮನೆ. ಮೇಲೆ ತಗಡು, ಪಕ್ಕದಲ್ಲಿ ಕಬ್ಬಿಣದ ಏಣಿಯ ಅಟ್ಟ. ಬಾಗಿಲಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅತ್ತೆ ಲಕ್ಷ್ಮವ್ವ ಕೂತಿದ್ದಳು. ಒಳಗೆ ಮಹಾದೇವಿ ನೆಲದ ಮೇಲೆ ಹಲಗೆ ಇಟ್ಟುಕೊಂಡು ನಕಲಿ ಓಲೆಗಳಿಗೆ ಹರಳು ಅಂಟಿಸುತ್ತಿದ್ದಳು. ನಾಲ್ಕು ವರ್ಷದ ಮಗಳು ಅವಳ ಬೆನ್ನಿಗೆ ಆತುಕೊಂಡು ತನ್ನಷ್ಟಕ್ಕೆ ಏನೋ ಹಾಡುತ್ತಿದ್ದಳು. ಗಂಡ ಸುಭಾಷ ಕಟ್ಟಡಗಳಲ್ಲಿ ಮಾರ್ಬಲ್ ಪಾಲಿಶ್ ಮಾಡುವವನು, ಕೆಲಸಕ್ಕೆ ಹೋಗಿದ್ದ. ಅವರದು ಆಳಂದ ತಾಲೂಕು. ಲಕ್ಷ್ಮವ್ವ ಸೊಸೆಯಷ್ಟೇ ವಯಸ್ಸಿನಲ್ಲಿ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು, ತಿರುಗಿ ಹೋಗಲಿಲ್ಲ.

ಮನೆಯ ದೊಡ್ಡವರ ಹೆಸರುಗಳನ್ನು ತುಂಬಿದರೆ ಟ್ಯಾಬ್ ತಾನೇ ಒಬ್ಬರನ್ನು ಆರಿಸುತ್ತದೆ. ಅವರನ್ನೇ ಕೇಳಬೇಕು, ಬೇರೆಯವರನ್ನು ಕೇಳುವಂತಿಲ್ಲ. ಅದು ಮಹಾದೇವಿಯನ್ನು ಆರಿಸಿತು. ಲಕ್ಷ್ಮವ್ವನಿಗೆ ಅದು ಸರಿಬರಲಿಲ್ಲ.

“ನಾ ಈ ಮನಿಗಿ ಹಿರ್ಯಾಕಿ. ನನಗ ಬಿಟ್ಟು ಸೊಸಿಗಿ ಕೇಳ್ತದೇನ್ ನಿಮ್ಮ ಮಷೀನು?”

ಇದು ಚೀಟಿ ಎತ್ತಿದ ಹಾಗೆ, ಯಾರ ಹೆಸರು ಬೇಕಾದರೂ ಬರಬಹುದು ಎಂದು ಜ್ಯೋತ್ಸ್ನಾ ಸಮಜಾಯಿಷಿ ಹೇಳಿದಳು. ಲಕ್ಷ್ಮವ್ವ ಮುಖ ತಿರುಗಿಸಿದಳೇ ಹೊರತು ಕುರ್ಚಿಯಿಂದ ಏಳಲಿಲ್ಲ. ಕೇಳುವಾಗ ಬೇರೆ ಯಾರೂ ಹತ್ತಿರ ಇರಬಾರದು ಎಂಬುದೂ ನಿಯಮವೇ. ಹೊರಗೆ ಹೋಗಿ ಮಾತಾಡೋಣವೆಂದರೆ ಅಂಟು ಒಣಗುವ ಮೊದಲು ಹರಳು ಕೂರಿಸಬೇಕು, ಎದ್ದರೆ ಮಾಲು ಕೆಡುತ್ತದೆ ಎಂದು ಮಹಾದೇವಿ ಹೇಳಿದಳು. ಆ ದಿನ ಜ್ಯೋತ್ಸ್ನಾಳಿಗೆ ಇನ್ನೂ ನಾಲ್ಕಾರು ಮನೆಗಳಿದ್ದವು. ‘ಸಂದರ್ಶನದ ವೇಳೆ ಬೇರೆ ಯಾರೂ ಇರಲಿಲ್ಲ’ ಎಂಬುದಕ್ಕೆ ಗುರುತು ಹಾಕದಿದ್ದರೆ ಟ್ಯಾಬ್ ಮುಂದಕ್ಕೆ ಹೋಗುವುದಿಲ್ಲ. ಎಲ್ಲರೂ ಹಾಕುವಂತೆ ಅವಳೂ ಹಾಕಿದಳು.

ನೀರು ಹೊರುವುದು, ಮೆಟ್ಟಿಲು ಹತ್ತುವುದು ಎಲ್ಲ ಬೇಗ ಮುಗಿಯಿತು. ಗುಡ್ಡದ ಕೆಳಗಿನ ನಲ್ಲಿಯಿಂದ ಮಹಾದೇವಿಯೇ ನೀರು ತರುತ್ತಿದ್ದಳು. ಕೊನೆಯ ಪ್ರಶ್ನೆ ಬಂದಾಗ ಅವಳು ಕೈಯ ಚಿಮಟವನ್ನು ಕೆಳಗಿಟ್ಟು ತಲೆಯೆತ್ತಿ ನೋಡಿದಳು.

“ನಾ ಎಲ್ಲಿ ಕುಂದರ್ತೀನ್ರಿ ಅಕ್ಕೋರೆ? ಮುಂಜಾನಿ ಎದ್ದಾಗಿಂದ ನಿಂತ ಕಾಲ ಮ್ಯಾಲೇ ಇರ್ತೀನಿ.”

“ಈಗ ಕೂತೇ ಇದ್ದೀರಲ್ಲ,” ಎಂದಳು ಜ್ಯೋತ್ಸ್ನಾ.

“ಇದು ಕೆಲಸ ಅಲ್ಲೇನ್ರಿ?”

“ಕೆಲಸವೇ. ಆದ್ರೆ ಕೂತು ಮಾಡುವ ಕೆಲಸ ಅಲ್ವಾ, ಅದನ್ನೂ ಸೇರಿಸ್ಬೇಕು.”

ಹೀಗೆ ಒಂದೊಂದಾಗಿ ಬಿಡಿಸಿ ಕೇಳಿದಳು. ಗಂಡ ಕೆಲಸಕ್ಕೆ ಹೋದ ಮೇಲೆ ಎಷ್ಟು ಹೊತ್ತು ಹರಳು ಅಂಟಿಸುತ್ತೀರಿ, ಊಟವಾದ ಮೇಲೆ ಎಷ್ಟು ಹೊತ್ತು, ಮಗುವಿಗೆ ಉಣಿಸುವಾಗ ಕೂರುತ್ತೀರೋ, ಸೊಪ್ಪು ಸೋಸುವಾಗ, ಸಂಜೆ ಮತ್ತೆ ಹಲಗೆ ಹಿಡಿಯುತ್ತೀರೋ ಎಂದು ಕೇಳುತ್ತ ಹೋದಳು. ಮಹಾದೇವಿ ನಿಜವನ್ನೇ ಹೇಳಿದಳು. ಹೇಳುತ್ತ ಹೋದಂತೆ ಅವಳಿಗೆ ತುಸು ಹೆಮ್ಮೆಯೂ ಬಂದಂತಿತ್ತು. ತಾನು ಇಷ್ಟು ಕೆಲಸ ಮಾಡುತ್ತೇನೆ ಎಂಬುದನ್ನು ಯಾರೂ ಹೀಗೆ ಒಂದು ಕಡೆಯಿಂದ ಕೇಳಿರಲಿಲ್ಲ. ಜ್ಯೋತ್ಸ್ನಾ ಎಲ್ಲ ಕೂಡಿಸಿದಳು. ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಗಟ್ಟಿಯಾಗಿ ಓದಿ ಹೇಳಿದಳು.

“ಹಾಗಾದ್ರೆ ದಿನಕ್ಕೆ ಒಟ್ಟು ಹತ್ತು ಗಂಟೆ ಕೂರ್ತೀರಿ. ಸರಿ ಉಂಟಲ್ಲ?”

ಮಹಾದೇವಿ ಉತ್ತರಿಸುವ ಮೊದಲೇ ಬಾಗಿಲಿನಿಂದ ಮಾತು ಬಂತು. “ಹತ್ತ ತಾಸು,” ಎಂದಳು ಲಕ್ಷ್ಮವ್ವ. ಗದರಲಿಲ್ಲ, ದನಿ ಏರಿಸಲಿಲ್ಲ. ಅಂಗಡಿಯವನು ಹೇಳಿದ ಬೆಲೆಯನ್ನು ನಂಬಲಾರದೆ ತಾನೊಮ್ಮೆ ಹೇಳಿಕೊಂಡು ನೋಡುವವರಂತೆ ಹೇಳಿದಳು. ಮಹಾದೇವಿಯ ಮುಖ ಇಳಿಯಿತು. ಅಷ್ಟಾಗಲಿಕ್ಕಿಲ್ಲ, ಸ್ವಲ್ಪ ಕಡಿಮೆ ಬರೆಯಿರಿ ಎಂದು ತಗ್ಗಿದ ದನಿಯಲ್ಲಿ ಕೇಳಿಕೊಂಡಳು. ಜ್ಯೋತ್ಸ್ನಾ ಮತ್ತೊಮ್ಮೆ ಕೂಡಿಸಿ ತೋರಿಸಿದಳು, ಲೆಕ್ಕ ಅಷ್ಟೇ ಬಂತು. ಅದನ್ನೇ ತುಂಬಿದಳು.

ಹೊರಡುವಾಗ ಲಕ್ಷ್ಮವ್ವ ಅವಳನ್ನು ತಡೆದು, ಇದೆಲ್ಲ ಸರಕಾರದಲ್ಲಿ ಬರೆದಿಡುತ್ತಾರೇನು ಎಂದು ಕೇಳಿದಳು. ಯಾರು ಬರೆಸುತ್ತಾರೆ, ಯಾರು ಓದುತ್ತಾರೆ ಎಂದು ವಿವರಿಸುತ್ತ ನಿಲ್ಲಲು ಹೊತ್ತಿರಲಿಲ್ಲ. ಹೂಂ ಎಂದು ಹೇಳಿ ಜ್ಯೋತ್ಸ್ನಾ ಮೆಟ್ಟಿಲು ಇಳಿದಳು.

ದೀಪಾವಳಿಗೆ ಮುಂಚೆ ಆಫೀಸಿನಿಂದ ಕೆಲವು ಮನೆಗಳ ಪಟ್ಟಿ ಬಂತು. ಕಂಪ್ಯೂಟರಿನಲ್ಲಿ ಕೆಂಪಾಗಿ ಕಂಡ ಉತ್ತರಗಳವು, ಮತ್ತೆ ಹೋಗಿ ವಿಚಾರಿಸಿಕೊಂಡು ಬರಬೇಕು. ಅದರಲ್ಲಿ ಮಹಾದೇವಿಯದೂ ಇತ್ತು. ಅವಳನ್ನು ‘ಗೃಹಿಣಿ’ ಎಂದು ಕೋಡ್ ಮಾಡಿದ್ದರು. ಮನೆಯಲ್ಲಿ ಕೂತು ಹರಳು ಅಂಟಿಸುವುದಕ್ಕೆ ಅವರ ಉದ್ಯೋಗಗಳ ಪಟ್ಟಿಯಲ್ಲಿ ಜಾಗವಿರಲಿಲ್ಲ. ಬಡವರ ಮನೆಯ ಗೃಹಿಣಿ ಹತ್ತು ಗಂಟೆ ಕೂರುವುದು ಹೊಂದುವುದಿಲ್ಲ, ತುಂಬುವಾಗ ತಪ್ಪಾಗಿರಬೇಕು ಎಂದು ಸುಹಾಸ ಫೋನಿನಲ್ಲಿ ಹೇಳಿದ. ತಪ್ಪಾಗಿಲ್ಲವೆಂದು ಜ್ಯೋತ್ಸ್ನಾ ಎಷ್ಟು ಹೇಳಿದರೂ, ಒಮ್ಮೆ ಹೋಗಿ ಬನ್ನಿ ಅಕ್ಕ, ನಿಮ್ಮದೇ ಉತ್ತರ ಬಂದರೆ ಇಟ್ಟುಕೊಳ್ಳೋಣ ಎಂದ.

ಭಾನುವಾರ ಹೋದಳು. ಲಕ್ಷ್ಮವ್ವ ಅದೇ ಕುರ್ಚಿಯಲ್ಲಿದ್ದಳು. ಸುಭಾಷ ಒಳಗೆ ಚಾಪೆಯ ಮೇಲೆ ಮೊಬೈಲು ನೋಡುತ್ತ ಮಲಗಿದ್ದ. ಹಲಗೆಯೂ ಹರಳಿನ ಡಬ್ಬಿಗಳೂ ಕಾಣಲಿಲ್ಲ. ಮಗುವೂ ಇರಲಿಲ್ಲ. ಮಹಾದೇವಿ ಎಲ್ಲಿ ಎಂದರೆ ಬಟ್ಟೆ ಒಗೆಯಲು ನಲ್ಲಿಗೆ ಹೋಗಿದ್ದಾಳೆಂದು ಹೇಳಿದರು. ಜ್ಯೋತ್ಸ್ನಾ ಅಲ್ಲಿಗೇ ಇಳಿದು ಹೋದಳು.

ಮಹಾದೇವಿ ಅವಳನ್ನು ಕಂಡು ಗುರುತು ಹಿಡಿದಳು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಬಟ್ಟೆ ಕುಕ್ಕುವುದನ್ನು ನಿಲ್ಲಿಸದೆ, ಕೇಳಿದಷ್ಟಕ್ಕೆ ಉತ್ತರ ಕೊಡುತ್ತ, ನಡೆದದ್ದನ್ನೆಲ್ಲ ಹೇಳಿದಳು.

ಆ ದಿನ ಸಂಜೆಯೇ ಲಕ್ಷ್ಮವ್ವ ಮಗನಿಗೆ ವಿಷಯ ಮುಟ್ಟಿಸಿದ್ದಳು. ನಿನ್ನ ಹೆಂಡತಿ ಹತ್ತು ತಾಸು ಕೂರುತ್ತಾಳಂತೆ, ತಾನೇ ಬಾಯಿಬಿಟ್ಟು ಹೇಳಿದಳು, ಸರಕಾರದ ಹೆಂಗಸು ಬರೆದುಕೊಂಡು ಹೋದಳು ಎಂದು. ಮರುದಿನ ಪಕ್ಕದ ಮನೆಗೂ ಅದರಾಚೆಯ ಮನೆಗೂ ಹೇಳಿದಳು. ವಾರ ಕಳೆಯುವುದರೊಳಗೆ ಸಾಲಿನ ಹೆಂಗಸರು ಮಹಾದೇವಿಯನ್ನು ‘ಹತ್ತ ತಾಸಿನಾಕಿ’ ಎಂದು ಕರೆಯತೊಡಗಿದರು. ಮೊದಮೊದಲು ಚೇಷ್ಟೆಗೆ, ಆಮೇಲೆ ಚೇಷ್ಟೆಯಿಲ್ಲದೆ. ಅವಳಂತೆಯೇ ಹರಳು ಅಂಟಿಸುವ ಹೆಂಗಸರು ಕೂಡ ಹಾಗೆಯೇ ಕರೆದರು. ತಾವು ಎಷ್ಟು ತಾಸು ಕೂರುತ್ತೇವೆಂದು ಅವರನ್ನು ಯಾರೂ ಕೇಳಿರಲಿಲ್ಲವಲ್ಲ.

ಲಕ್ಷ್ಮವ್ವ ಪರಿಚಯದವಳೊಬ್ಬಳನ್ನು ಹಿಡಿದು ಸೊಸೆಗೆ ವಿಕ್ರೋಲಿಯಲ್ಲಿ ಕೆಲಸ ಗೊತ್ತುಮಾಡಿದಳು. ಔಷಧಿಯ ಡಬ್ಬಗಳನ್ನು ಪ್ಯಾಕ್ ಮಾಡುವ ಗೋಡೌನು, ಬೆಳಗಿನಿಂದ ಸಂಜೆಯವರೆಗೆ ನಿಂತು ಮಾಡುವ ಕೆಲಸ. ಹರಳಿನ ವ್ಯಾಪಾರಿ ತನ್ನ ಮಾಲು ವಾಪಸು ಒಯ್ದು ಬೇರೆಯವರಿಗೆ ಕೊಟ್ಟ. ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗಬೇಕಾಯಿತು. ಮೊಣಕಾಲು ಹೋದ ಅಜ್ಜಿ ಮಗುವಿನ ಹಿಂದೆ ಓಡಲಾರಳು. ಒಂದು ದಿನ ಮಗು ಅವ್ವನನ್ನು ಹುಡುಕಿಕೊಂಡು ಗುಡ್ಡದ ಮೆಟ್ಟಿಲುಗಳನ್ನೆಲ್ಲ ಇಳಿದು ದೊಡ್ಡ ರಸ್ತೆಯವರೆಗೆ ಹೋಗಿಬಿಟ್ಟಿತ್ತು. ಯಾರೋ ರಿಕ್ಷಾದವನು ಅಳುವ ಮಗುವನ್ನು ಕೂರಿಸಿಕೊಂಡು ಮನೆ ಮನೆ ವಿಚಾರಿಸುತ್ತ ತಂದು ಮುಟ್ಟಿಸಿದ. ಆಮೇಲೆ ಸುಭಾಷನ ಅಕ್ಕ ಊರಿನಿಂದ ಬಂದಳು. ಅವಳಿಗೆ ಮಕ್ಕಳಿರಲಿಲ್ಲ. ಇಲ್ಲಿ ನೋಡುವವರಿಲ್ಲ, ನಾನು ಸಾಕುತ್ತೇನೆ ಎಂದು ಮಗುವನ್ನು ಆಳಂದಕ್ಕೆ ಕರೆದುಕೊಂಡು ಹೋದಳು. ಮಹಾದೇವಿ ಆ ದಿನ ಕೆಲಸದಿಂದ ಬಂದಾಗ ಮಗು ಹೊರಟು ಹೋಗಿತ್ತು. ರೈಲಿನ ಹೊತ್ತಾಯಿತೆಂದು ಅವಳಿಗಾಗಿ ಯಾರೂ ಕಾದಿರಲಿಲ್ಲ.

ಜ್ಯೋತ್ಸ್ನಾ ಟ್ಯಾಬನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಬಂದ ಕಾರಣವನ್ನು ಹೇಳುವುದು ಹೇಗೆಂದು ಅವಳು ಯೋಚಿಸುತ್ತಿರುವಾಗ ಮಹಾದೇವಿಯೇ ಮಾತು ತೆಗೆದಳು.

“ಕೇಳ್ರಿ. ಅದಕ್ಕೇ ಬಂದೀರಲ್ಲ.”

ಜ್ಯೋತ್ಸ್ನಾ ಚೀಲವನ್ನು ಹೆಗಲಿನ ಹಿಂದಕ್ಕೆ ಸರಿಸಿಕೊಂಡಳು.

“ಈಗ ನಾ ಕುಂದ್ರೂದಿಲ್ಲ. ಅಲ್ಲಿ ಕುರ್ಚಿ ಇಡೂದೇ ಇಲ್ಲ. ಬರ್ಕೊಂಡ್ ಹೋಗ್ರಿ.”

ಒದ್ದೆ ಸೀರೆಯನ್ನು ಹಿಂಡಿ ಬಕೆಟ್ಟಿಗೆ ಹಾಕಿದಳು. ಸೀರೆ ಮೇಲೆತ್ತಿ ಕಟ್ಟಿದ್ದರಿಂದ ಕಾಲು ಕಾಣುತ್ತಿತ್ತು. ಕಣಕಾಲು ಬಾತು, ಕಾಲುಂಗುರದ ಬೆರಳು ಕೆಂಪಾಗಿತ್ತು.

ಜ್ಯೋತ್ಸ್ನಾ ಗುಡ್ಡ ಹತ್ತಿ ಮತ್ತೆ ಮನೆಗೆ ಹೋದಳು. ಏನಾದರೂ ಸರಿಮಾಡಬಹುದು, ಹೇಳಬೇಕಾದ ಹಾಗೆ ಹೇಳಿದರೆ ತಿಳಿಯುತ್ತದೆ ಎಂಬ ನಂಬಿಕೆ ಅವಳಲ್ಲಿ ಇನ್ನೂ ಇತ್ತು. ತಮ್ಮ ಸರ್ವೆಯಲ್ಲಿ ಕೂರುವುದೆಂದರೆ ಸೋಮಾರಿತನವಲ್ಲ, ಕೂತು ಮಾಡಿದ ಕೆಲಸವೂ ಕೆಲಸವೇ, ತನ್ನ ಗಂಡ ದಿನವಿಡೀ ಹೋಟೆಲಿನ ಗಲ್ಲೆಯ ಮೇಲೆ ಕೂರುತ್ತಾನೆ, ಅವನನ್ನು ಯಾರೂ ಕೂತು ತಿನ್ನುತ್ತಾನೆ ಅನ್ನುವುದಿಲ್ಲ ಎಂದೆಲ್ಲ ಇಬ್ಬರಿಗೂ ವಿವರಿಸಿದಳು. ಹರಳಿನ ಕೆಲಸವನ್ನು ಮತ್ತೆ ಹಿಡಿದರೆ ಮಗುವನ್ನು ವಾಪಸು ಕರೆಸಿಕೊಳ್ಳಬಹುದಲ್ಲ ಎಂದಳು.

ಲಕ್ಷ್ಮವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತನ್ನ ಎರಡೂ ಮೊಣಕಾಲುಗಳ ಮೇಲೆ ಕೈಯಿಟ್ಟುಕೊಂಡು ಹೇಳಿದಳು.

“ಈ ಮುಂಬಯಿಗಿ ಬಂದಾಗಿಂದ ಇಟ್ಟಂಗಿ ಹೊತ್ತೀನಿ. ಇಂವ ಹೊಟ್ಟ್ಯಾಗ ಇದ್ದಾಗ ಒಂಬತ್ತನೇ ಮಾಳಗಿಗಿ ಹೊತ್ತೀನಿ. ಒಂದಿನ ಕುಂತೀನೇನು, ಯಾರಿಗಾರ ಕೇಳ್ರಿ. ಈಗ ಕಾಲು ಹೋಗ್ಯಾವ, ಕುಂತೀನಿ. ಮಂದಿ ಬರಾಗ ಹೋಗಾಗ ನೋಡ್ತಾರ, ಮುದುಕಿ ಕುಂತಾಳ ಅಂತ. ಈ ಮನ್ಯಾಗ ಕುಂದ್ರಾಕಿ ನಾ ಒಬ್ಬಾಕಿ ಸಾಕು.”

ಅವಳ ಕಣ್ಣಲ್ಲಿ ನೀರಿರಲಿಲ್ಲ. ಮೊದಲ ದಿನ ಮಷೀನು ತನ್ನನ್ನು ಆರಿಸಲಿಲ್ಲವೆಂದು ಈ ಮುದುಕಿ ಸಿಟ್ಟಾದದ್ದೇಕೆಂದು ಜ್ಯೋತ್ಸ್ನಾಳಿಗೆ ಈಗ ಅರ್ಥವಾಯಿತು. ನಡೆದ ದಾರಿ, ಹೊತ್ತ ಭಾರ ಎಂದೆಲ್ಲ ಕೇಳಿದ್ದರೆ ಹೇಳಲು ಅವಳ ಬಳಿ ಬಹಳ ಇತ್ತು. ಕೊನೆಯ ಪ್ರಶ್ನೆಯೊಂದೇ ಅವಳನ್ನು ಸುಡುತ್ತಿತ್ತು.

ಸುಭಾಷ ಎದ್ದು ಕೂತು ಮೊಬೈಲು ಆರಿಸಿದ. ಅವನು ಕೆಟ್ಟವನಂತೆ ಕಾಣಲಿಲ್ಲ. ಉಗುರುಗಳ ಸಂದಿಯಲ್ಲಿ ಮಾರ್ಬಲ್ಲಿನ ಬಿಳಿ ಪುಡಿ ಕೂತಿತ್ತು.

“ಅಕಿ ಕುಂತು ಕೆಲಸ ಮಾಡ್ತಾಳ ಅಂತ ನನಗ ಮೊದಲೂ ಗೊತ್ತಿತ್ರಿ,” ಎಂದ. “ಹತ್ತ ತಾಸು ಅಂತ ಗೊತ್ತಿರ್ಲಿಲ್ಲ.”

ಜ್ಯೋತ್ಸ್ನಾ ಮಗುವಿನ ಮಾತು ತೆಗೆದಾಗ, ಅಲ್ಲಿ ಚೆನ್ನಾಗಿದೆ, ಅಕ್ಕ ಹಾಲು ಮೊಸರು ತಿನ್ನಿಸುತ್ತಾಳೆ, ಇಲ್ಲೇನಿದೆ ಎಂದು ಅವನು ಹೇಳಿದ. ಚಹಾ ಕುಡಿದು ಹೋಗಿ ಎಂದೂ ಹೇಳಿದ. ಅವಳು ಕುಡಿಯಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ನೇರ ಅಂಧೇರಿಗೆ ಹೋದಳು. ಸುಹಾಸನ ಜೊತೆ ಶ್ರಾವ್ಯಾ ಕೂತಿದ್ದಳು. ಬಂದ ಉತ್ತರಗಳನ್ನೆಲ್ಲ ಸೋಸಿ, ಕೋಡ್ ಹಾಕಿ, ಲೆಕ್ಕಕ್ಕೆ ಸಿದ್ಧ ಮಾಡುವವಳು ಅವಳು. ಉಡುಪಿಯ ಹೋಟೆಲಿನವರ ಮಗಳು. ಕನ್ನಡ ತಿಳಿಯುತ್ತಿತ್ತು, ಆಡುವಾಗ ಮಾತ್ರ ಎಡವುತ್ತಿದ್ದಳು.

ಜ್ಯೋತ್ಸ್ನಾ ಎಲ್ಲವನ್ನೂ ಹೇಳಿದಳು. ಮಹಾದೇವಿಯ ಮೊದಲ ಉತ್ತರವೇ ನಿಜ, ಹತ್ತು ಗಂಟೆ ಎಂದೇ ಇರಲಿ, ಅವಳ ಕೆಲಸವನ್ನು ಕೆಲಸವೆಂದು ಕೋಡ್ ಮಾಡಿ, ಈ ಪ್ರಶ್ನೆಯ ಉತ್ತರವನ್ನು ಮನೆಯವರ ಎದುರು ಗಟ್ಟಿಯಾಗಿ ಓದಬೇಡಿ ಎಂದು ಸರ್ವೆಯವರಿಗೆಲ್ಲ ತಿಳಿಸಿ ಎಂದಳು. ಹೇಳುತ್ತ ಹೇಳುತ್ತ, ಅಂದು ಅತ್ತೆ ಬಾಗಿಲಲ್ಲೇ ಕೂತಿದ್ದಳು ಎಂಬುದೂ ಬಂತು.

ಶ್ರಾವ್ಯಾ ಕಂಪ್ಯೂಟರಿನಲ್ಲಿ ನೋಡಿದಳು. “ಆಂಟಿ, ಇಲ್ಲಿ ಯಾರೂ ಇರ್ಲಿಲ್ಲ ಅಂತ ಟಿಕ್ ಉಂಟಲ್ಲ? ಅಂದ್ರೆ ವೋ ಗಲತ್ ಹೈ?”

ಹೌದು, ತಪ್ಪು ಗುರುತು ಹಾಕಿದ್ದೆ ಎಂದು ಜ್ಯೋತ್ಸ್ನಾ ಒಪ್ಪಿಕೊಂಡಳು.

ಸುಹಾಸ ಕೈಯ ಪೆನ್ನನ್ನು ಕೆಳಗಿಟ್ಟ. ಅವನ ಮುಖದಲ್ಲಿ ಕೋಪವಿರಲಿಲ್ಲ, ತೊಂದರೆಯೊಂದು ಸುಲಭವಾಗಿ ಬಗೆಹರಿದ ನಿರಾಳವಿತ್ತು.

“ಹಾಗಾದ್ರೆ ಕೇಸೇ ಕ್ಯಾನ್ಸಲ್ ಮಾಡುವ ಅಕ್ಕ. ಪ್ರೈವಸಿ ಇಲ್ಲದಿದ್ರೆ ಆನ್ಸರ್ ವ್ಯಾಲಿಡ್ ಅಲ್ಲ. ನಿಮ್ಮ ಹೆಸರು ಎಲ್ಲೂ ಬರುದಿಲ್ಲ, ಟೆನ್ಶನ್ ಮಾಡ್ಬೇಡಿ.”

ತಾನು ಹೇಳುತ್ತಿರುವುದು ಅದಲ್ಲ ಎಂದಳು ಜ್ಯೋತ್ಸ್ನಾ. ಮಹಾದೇವಿ ನಿಜ ಹೇಳಿದಳು, ಆ ನಿಜಕ್ಕಾಗಿ ಅವಳ ಮಗು ಕೈಬಿಟ್ಟು ಹೋಗಿದೆ, ಅದನ್ನು ಇಲ್ಲವೆಂದು ಮಾಡಿದರೆ ಹೇಗೆ ಎಂದಳು. ಸುಹಾಸ ತಾಳ್ಮೆಯಿಂದಲೇ ಕೇಳಿದ. ಮನೆಯ ಜಗಳಗಳಿಗೆ ಕಂಪನಿ ಏನು ಮಾಡಲಾದೀತು, ಆ ಅತ್ತೆ ಇವತ್ತಲ್ಲದಿದ್ದರೆ ನಾಳೆ ಬೇರೊಂದು ನೆಪ ಹುಡುಕುತ್ತಿದ್ದಳು, ಬೇಕಾದರೆ ಟಿಪ್ಪಣಿಯ ಜಾಗದಲ್ಲಿ ನಾಲ್ಕು ಸಾಲು ಬರೆಯಿರಿ ಎಂದ. ಟಿಪ್ಪಣಿಯನ್ನು ಯಾರು ಓದುತ್ತಾರೆ ಎಂದು ಜ್ಯೋತ್ಸ್ನಾ ಕೇಳಿದಾಗ ಅವನು ಶ್ರಾವ್ಯಾಳ ಕಡೆ ನೋಡಿದ. ಟಿಪ್ಪಣಿಗಳು ಲೆಕ್ಕಕ್ಕೆ ಹೋಗುವ ಫೈಲಿನಲ್ಲಿ ಬರುವುದಿಲ್ಲ ಎಂದು ಶ್ರಾವ್ಯಾ ಮೆಲ್ಲಗೆ ಹೇಳಿದಳು. ಅವಳಿಗೂ ಬೇಸರವಾದಂತೆ ಕಂಡಿತು. ಆದರೂ ಬೆರಳು ತನ್ನ ಕೆಲಸ ಮಾಡಿತು. ಪರದೆಯ ಮೇಲೆ ಮಹಾದೇವಿಯ ಸಾಲು ಒಮ್ಮೆ ನೀಲಿಯಾಗಿ ಮಾಯವಾಯಿತು. ಕೆಳಗಿನ ಸಾಲು ಮೇಲೆ ಬಂದು ಆ ಜಾಗದಲ್ಲಿ ನಿಂತಿತು.

ಕಡಿಮೆಯಾದ ಒಂದು ಮನೆಯನ್ನು ತುಂಬಿಸಲು ಅವಳನ್ನು ಅದೇ ಗುಡ್ಡದ ಇನ್ನೊಂದು ಸಾಲಿಗೆ ಕಳಿಸಿದರು. ಅಲ್ಲಿ ಸಿಕ್ಕಿದ ಹೆಂಗಸು ಜಾಣೆ. ಕೂರುವ ಪ್ರಶ್ನೆ ಕೇಳಿದ ಕೂಡಲೇ, ಬಿಡಿಸಿ ಕೇಳಲು ಎಡೆಗೊಡದೆ, ನಾಲ್ಕು ಎಂದುಬಿಟ್ಟಳು. ಟ್ಯಾಬ್ ಅದನ್ನು ತಕರಾರಿಲ್ಲದೆ ತೆಗೆದುಕೊಂಡಿತು. ಜ್ಯೋತ್ಸ್ನಾ ಬೇರೇನೂ ಕೇಳಲಿಲ್ಲ. ಆ ದಿನದಿಂದ ಅವಳ ಯಾವ ಉತ್ತರವೂ ಕೆಂಪಾಗಲಿಲ್ಲ. ಸುಹಾಸ ಅವಳ ಕೆಲಸವನ್ನು ಎಲ್ಲರೆದುರು ಹೊಗಳಿದ.

ಕೆಲಸ ಬಿಡುವ ಮಾತನ್ನು ಅವಳು ಗಂಡನ ಹತ್ತಿರ ಒಮ್ಮೆ ಆಡಿದಳು. ಬಿಟ್ಟು ಏನು ಮಾಡುತ್ತಿ ಎಂದು ಅವನು ಕೇಳಿದ. ಕೇಳಿದ್ದರಲ್ಲಿ ಕೊಂಕಿರಲಿಲ್ಲ, ನಿಜಕ್ಕೂ ತಿಳಿಯಲೆಂದೇ ಕೇಳಿದ್ದ. ಮನೆಯಲ್ಲಿ ಕೂತಿರುತ್ತೇನೆ ಎಂಬ ಮಾತು ಅವಳ ನಾಲಗೆಯವರೆಗೆ ಬಂದು ನಿಂತಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಅವಳನ್ನು ಮುಲುಂದಿಗೆ ಹಾಕಿದ್ದರು. ದುಡಿಯುವವರು ಮನೆಗೆ ಬರುವ ವೇಳೆಗೆ ಹೋಗಬೇಕಾದ್ದರಿಂದ ಸಂಜೆಯ ಲೋಕಲ್ ಹಿಡಿಯುತ್ತಿದ್ದಳು. ಒಂದು ದಿನ ವಿಕ್ರೋಲಿಯಲ್ಲಿ ಹೆಂಗಸರ ಡಬ್ಬಿಗೆ ಹತ್ತಿದ ಗುಂಪಿನಲ್ಲಿ ಮಹಾದೇವಿ ಇದ್ದಳು. ತೆಳ್ಳಗಾಗಿದ್ದಳು. ಟಿಫಿನ್ನಿನ ಚೀಲವನ್ನು ಎದೆಗವಚಿಕೊಂಡು, ಮೇಲಿನ ಹಿಡಿಕೆ ಎಟುಕದೆ, ಸೀಟಿನ ಅಂಚನ್ನು ಹಿಡಿದು ನಿಂತಳು. ಜ್ಯೋತ್ಸ್ನಾ ಎದ್ದು ಅವಳ ತೋಳು ಮುಟ್ಟಿ, ಇಲ್ಲಿ ಕೂತುಕೊಳ್ಳಿ ಎಂದಳು.

ಮಹಾದೇವಿ ಅವಳನ್ನೂ ಆ ಸೀಟನ್ನೂ ನೋಡಿ ಬೇಡವೆಂದು ತಲೆಯಾಡಿಸಿದಳು. ಒಮ್ಮೆ ಕೂತರೆ ಗುಡ್ಡ ಹತ್ತುವುದಾಗುವುದಿಲ್ಲ, ಕಾಲು ಮರಗಟ್ಟುತ್ತದೆ ಎಂದಳು. ಅಷ್ಟರಲ್ಲಿ ಬೇರೊಬ್ಬಳು ಅಲ್ಲಿ ಕೂತಳು. ಇಬ್ಬರೂ ಮುಖಾಮುಖಿ ನಿಂತರು. ಸುತ್ತಲಿನ ಒತ್ತಡಕ್ಕೆ ಇನ್ನಷ್ಟು ಹತ್ತಿರವಾಗಬೇಕಾಯಿತು.

ಮಗಳು ಹೇಗಿದ್ದಾಳೆ ಎಂದು ಜ್ಯೋತ್ಸ್ನಾ ಕೇಳಿದಳು.

“ಅಲ್ಲೇ ಅಂಗನವಾಡಿಗಿ ಹೋಗ್ತಾಳ. ಫೋನ್ ಮಾಡಿದ್ರ ಮಾತಾಡಾಂಗಿಲ್ಲ, ಆಡ್ಲಾಕ ಓಡ್ತಾಳ.” ಮಹಾದೇವಿ ಕಿಟಕಿಯ ಕಡೆ ನೋಡುತ್ತ ಹೇಳಿದಳು. “ನಾದಿನಿಗಿ ಅವ್ವ ಅಂತಾಳ. ನನಗ ಮಹಾದೇವಿ ಅಂತಾಳ. ಮನ್ಯಾಗ ಎಲ್ಲಾರೂ ಅಂತಿದ್ರಲ್ಲ, ಹಂಗ.”

ಕಾಂಜೂರ್‌ಮಾರ್ಗ್ ಬಂದು ಹೋಯಿತು. ಹೇಳದೆ ಇರುವುದು ಇನ್ನೊಂದು ಮೋಸವಾದೀತು ಎನ್ನಿಸಿ ಜ್ಯೋತ್ಸ್ನಾ ಹೇಳಿಬಿಟ್ಟಳು. ಆ ಸರ್ವೆಯಲ್ಲಿ ನಿಮ್ಮ ಉತ್ತರ ಉಳಿಯಲಿಲ್ಲ, ಆಫೀಸಿನವರು ತೆಗೆದುಹಾಕಿದರು, ಹತ್ತು ಗಂಟೆ ಎಂದು ಈಗ ಎಲ್ಲಿಯೂ ಬರೆದಿಲ್ಲ ಎಂದಳು.

ಮಹಾದೇವಿಗೆ ಅದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ಜ್ಯೋತ್ಸ್ನಾಳಿಗೆ ಹಗುರವಾಗುತ್ತಿತ್ತು.

“ತಗದ್ರ?” ಎಂದಳು. “ನಮ್ಮ ಮನ್ಯಾಗಿಂದು ಯಾರು ತಗೀತಾರ್ರಿ ಅಕ್ಕೋರೆ?”

ಭಾಂಡುಪ್ ಹತ್ತಿರವಾಗಿತ್ತು. ಇಳಿಯುವವರು ಬಾಗಿಲಿನತ್ತ ನೂಕತೊಡಗಿದರು. ಜ್ಯೋತ್ಸ್ನಾ, ತಾನು ಬಂದು ಲಕ್ಷ್ಮವ್ವನಿಗೆ ಹೇಳುತ್ತೇನೆ, ಈ ಭಾನುವಾರವೇ ಬರುತ್ತೇನೆ ಎಂದಳು.

“ಬರಬ್ಯಾಡ್ರಿ,” ಎಂದಳು ಮಹಾದೇವಿ. “ನೀವು ಬಂದಾಗೆಲ್ಲ ಏನರ ಹೋಗ್ತದ.”

ರೈಲು ನಿಂತಿತು. ಅವಳು ಗುಂಪಿನ ಜೊತೆ ಇಳಿದುಹೋದಳು. ಮೇಲ್ಸೇತುವೆಯ ಮೆಟ್ಟಿಲಲ್ಲಿ ಚೀಲ ಹಿಡಿದ ಹೆಂಗಸರು ಸಾಲಾಗಿ ಹತ್ತುತ್ತಿದ್ದರು. ಅವರಲ್ಲಿ ಅವಳು ಯಾರೆಂದು ಗೊತ್ತಾಗಲಿಲ್ಲ. ಜ್ಯೋತ್ಸ್ನಾ ಮುಲುಂದಿನಲ್ಲಿ ಇಳಿದಳು. ಆ ಸಂಜೆ ಅವಳಿಗೆ ಮೂರು ಮನೆಗಳಿದ್ದವು. ಮೂರನ್ನೂ ಮುಗಿಸಿಕೊಂಡು ಹೊರಟಳು.